ಮೂರನೆಯ ‘ಬೇಡ’ದ ತನಕ ಕಾಯದ ಊರು

ಬಸವನ ಬಾಗೇವಾಡಿ

ಪರದೇಶಕ್ಕೆ ಹೋಗುವವರಿಗೆ ಘನವಾದ ಕಾರಣಗಳಿರುತ್ತವೆ. ನನ್ನನ್ನು ಕಳಿಸಿದ್ದು ಒಂದು ಸೈಕಲ್ಲು.

ಇಂಡಿಯಲ್ಲಿರುವ ನಮ್ಮಕ್ಕನ ಮಗಳು ವೈಶಾಲಿ ನೆದರ್‌ಲ್ಯಾಂಡಿನ ಲೆಲಿಸ್ಟಾಡ್ ಎಂಬ ಊರಿನಲ್ಲಿ ಉಳ್ಳಾಗಡ್ಡಿ ಬೀಜದ ಮೇಲೆ ಸಂಶೋಧನೆ ಮಾಡುತ್ತಾಳೆ. ಎರಡು ಉಳ್ಳಾಗಡ್ಡಿ ಹೆಚ್ಚಿಕೊಡು ಎಂದರೆ ಕಣ್ಣುರಿ ಎಂದು ಹಿತ್ತಲಿಗೆ ಓಡುತ್ತಿದ್ದ ಹುಡುಗಿ ಅದೇ ಉಳ್ಳಾಗಡ್ಡಿಗಾಗಿ ಸಮುದ್ರ ದಾಟಿದಳು. ಆ ದೇಶದಲ್ಲಿ ಮಂತ್ರಿಯಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರೂ ಸೈಕಲ್ ತುಳಿಯುತ್ತಾರಂತೆ. ನಮ್ಮವಳೂ ತುಳಿದಳು, ಬಿದ್ದಳು, ಕಾಲು ಮುರಿದುಕೊಂಡಳು. ಕಾಲಿಗೆ ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದ ಡಾಕ್ಟರು, ಅಡುಗೆ ಯಾರು ಮಾಡುತ್ತಾರೆ ಎಂದು ಒಂದು ಮಾತೂ ಕೇಳಲಿಲ್ಲವಂತೆ.

ಅಕ್ಕ ಫೋನಿನಲ್ಲಿ ಅತ್ತಳು. “ನಾ ಹೆಂಗ ಹೋಗ್ಲೆ ತಂಗಿ, ಸೊಲ್ಲಾಪುರದ ಗಾಡಿ ಹತ್ತಿದ್ರನ ನನಗ ತಲಿ ತಿರಗತೈತಿ. ನೀನ ಹೋಗಿ ಬಾ. ನಿನಗರ ಹಿಂದ ಮುಂದ ಯಾರದಾರ?”

ಹಿಂದೆ ಮುಂದೆ ಯಾರೂ ಇಲ್ಲದಿರುವುದು ಇಷ್ಟು ದೊಡ್ಡ ಅರ್ಹತೆ ಎಂದು ನನಗೆ ಗೊತ್ತಿರಲಿಲ್ಲ. ಇಂಡಿಯಲ್ಲಿ ಹುಟ್ಟಿ, ಸಿಂದಗಿಯಲ್ಲಿ ನೌಕರಿ ಹಿಡಿದು, ಮುದ್ದೇಬಿಹಾಳಕ್ಕೆ ವರ್ಗವಾಗಿ, ಬಸವನ ಬಾಗೇವಾಡಿಯ ಸಾಲೆಯಲ್ಲಿ ನಿವೃತ್ತಳಾದ ಭೂಗೋಳದ ಶಿಕ್ಷಕಿ ನಾನು. ಇಡೀ ಜಗತ್ತನ್ನು ಕಪ್ಪು ಹಲಗೆಯ ಮೇಲೆ ಬರೆದು ಒರೆಸಿದ್ದೇನೆ. ಕಾಲಿನಿಂದ ಸುತ್ತಿದ್ದು ಮಾತ್ರ ಈ ನಾಲ್ಕು ತಾಲೂಕು. ನಿವೃತ್ತಿಯ ಹುರುಪಿನಲ್ಲಿ ಮಾಡಿಸಿದ ಪಾಸ್‌ಪೋರ್ಟು ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತಾ ಮಲಗಿತ್ತು. ಎಬ್ಬಿಸಿದೆ. ಜೋಳದ ಹಿಟ್ಟು, ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ ಎಲ್ಲ ಕಟ್ಟಿಕೊಂಡು ಹೊರಟೆ. ಉಳಿದ ಜಾಗದಲ್ಲಿ ಬಟ್ಟೆ ಇಟ್ಟೆ.

ಆ್ಯಮ್‌ಸ್ಟರ್‌ಡ್ಯಾಮ್

ವಿಮಾನ ನಿಲ್ದಾಣದಲ್ಲಿ ಆರಡಿ ಮೀರಿದ ಒಬ್ಬ ಅಧಿಕಾರಿ ನನ್ನ ಚೀಲ ಬಿಚ್ಚಿಸಿದ. ಖಡಕ್ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದ, ಬೆರಳಿನಿಂದ ಟಕಟಕ ಬಡಿದ. ಇದೇನು ಎಂದ. ತಿನ್ನುವುದು ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ನಾನು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, ಇನ್ನೊಂದು ತುಂಡು ಅವನ ಮುಂದೆ ಚಾಚಿದೆ.

ಬೇಡ, ಧನ್ಯವಾದ ಎಂದ.

ಮನೆತನಸ್ಥರ ಹುಡುಗ, ಮೊದಲ ಸಲಕ್ಕೇ ಬಾಯಿ ತೆರೆಯಲಿಲ್ಲ ಎಂದು ಮೆಚ್ಚಿಕೊಂಡೆ. ಮತ್ತೆ ಚಾಚಿದೆ. “ಒಂದ ತುಣುಕು ತಿನ್ರಿ” ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಬೇಡ ಎಂದ. ಮೂರನೆಯ ಸಲ ಹಿಂಡಿ ಸವರಿ ಚಾಚಿದೆ. ಅವನ ಮುಖ ಬಿಗಿಯಿತು. ಸರ್ಕಾರಿ ಅಧಿಕಾರಿಗೆ ಏನನ್ನಾದರೂ ತೆಗೆದುಕೊಳ್ಳಲು ಒತ್ತಾಯಿಸುವುದು ಈ ದೇಶದಲ್ಲಿ ಅಪರಾಧ, ಗೊತ್ತಿದೆಯೇ ಎಂದು ಕೇಳಿದ. ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ಲಂಚದ ಲೆಕ್ಕಕ್ಕೆ ಬಂದದ್ದು ಜಗತ್ತಿನ ಚರಿತ್ರೆಯಲ್ಲಿ ಅದೇ ಮೊದಲಿರಬೇಕು. ನಮ್ಮ ಕಡೆಯ ಕೆಲವು ಕಚೇರಿಗಳವರು ಇದನ್ನು ಕೇಳಿದರೆ ಎಷ್ಟು ನಗುತ್ತಾರೋ ಎಂದುಕೊಂಡು ಚೀಲ ಕಟ್ಟಿದೆ.

ನಮ್ಮಲ್ಲಿ ಉಪಚಾರ ಎಂದರೆ ಮೂರು ಸಲ. ಮನೆಗೆ ಬಂದವರು ಹಸಿದು ಕಂಗಾಲಾಗಿದ್ದರೂ ಮೊದಲು “ಈಗಷ್ಟ ಉಂಡು ಬಂದೇನ್ರಿ” ಅನ್ನಬೇಕು. “ನಮ್ಮ ಮನ್ಯಾಗಿನ ಚಹಾ ನಿಮಗ ಸೇರೂದಿಲ್ಲೇನು?” ಎಂದು ಮನೆಯವರು ಸಿಟ್ಟಾಗಬೇಕು. ಆಮೇಲೆ ಬಂದವರು ಅರ್ಧ ಕಪ್ಪಿಗೆ ಒಪ್ಪಿ ಎರಡು ಕಪ್ ಕುಡಿಯಬೇಕು. ಪಂಕ್ತಿಯಲ್ಲಿ ಎಲೆಗೆ ಅಡ್ಡ ಹಿಡಿದ ಕೈ ನಿಜವಾದ ಕೈಯಲ್ಲ. ಬಡಿಸುವವರು ಬೆರಳ ಸಂದಿಯಿಂದಲೇ ತುಪ್ಪ ಬಿಡುತ್ತಾರೆ. ಮುದ್ದೇಬಿಹಾಳದಲ್ಲಿ ನನ್ನನ್ನು ಮುಖ್ಯಾಧ್ಯಾಪಕಿ ಆಗಿರಿ ಎಂದು ಕೇಳಿದಾಗ ಎರಡು ಸಲ ನನ್ನಿಂದ ಆಗದು ಎಂದೆ. ಮೂರನೆಯ ಸಲ ಕೇಳಿದರು, ಆದೆ. ಅವರು ಕೇಳದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ, ಏಕೆಂದರೆ ಕೇಳದೇ ಇರುವವರನ್ನು ನಾನು ಕಂಡೇ ಇರಲಿಲ್ಲ.

ಲೆಲಿಸ್ಟಾಡ್, ಮೊದಲ ವಾರ

ಈ ಊರು ಸಮುದ್ರದ ತಳದಲ್ಲಿದೆ. ಅಲಂಕಾರಕ್ಕೆ ಹೇಳಿದ ಮಾತಲ್ಲ. ಇವರ ಅಜ್ಜಂದಿರು ಒಡ್ಡು ಕಟ್ಟಿ, ಒಳಗಿನ ನೀರನ್ನು ಯಂತ್ರ ಹಚ್ಚಿ ಹೊರಗೆ ಹಾಕಿ, ತಳ ಒಣಗಿಸಿ, ಅದರ ಮೇಲೆ ಮನೆ ಕಟ್ಟಿ, ಕಿಟಕಿಗೆ ಹೂಕುಂಡ ಇಟ್ಟಿದ್ದಾರೆ. ನೌಕರಿ ಮಾಡಿದಷ್ಟು ವರ್ಷವೂ ನಾನು ಈ ಪಾಠ ಮಾಡಿದ್ದೇನೆ. ನಾವು ಒಂದು ಕೊಡ ನೀರಿಗೆ ನಲ್ಲಿಯ ಮುಂದೆ ಜಡೆ ಹಿಡಿದು ಗುದ್ದಾಡುವಾಗ, ಇಲ್ಲಿ ನೀರನ್ನು ಹೊರಗೆ ದಬ್ಬುವುದಕ್ಕೆ ಒಂದು ಇಲಾಖೆಯೇ ಇದೆ. ಆ ಇಲಾಖೆ ಒಂದು ವಾರ ಮುಷ್ಕರ ಹೂಡಿದರೆ ಏನಾಗುತ್ತದೆ ಎಂದು ವೈಶಾಲಿಯನ್ನು ಕೇಳಿದೆ.

“ಮುಳಗತೇವಿ” ಎಂದಳು ಆರಾಮಾಗಿ. “ಆದ್ರ ಅವರು ಮುಷ್ಕರ ಮಾಡೂದಿಲ್ಲ ಚಿಗವ್ವ. ಇಲ್ಲಿ ಮಂದಿ ಹೇಳಿದ್ದು ಮಾಡ್ತಾರ, ಮಾಡೂದನ್ನ ಹೇಳ್ತಾರ.”

ಚಿಗವ್ವನಿಗೆ ಆ ಮಾತಿನ ಅರ್ಥ ಕೆಳಗಿನ ಮನೆಯಲ್ಲಿ ಆಯಿತು. ಕೆಳಮನೆಯ ಹೆಂಗಸು ತಿನೆಕೆ ನನ್ನನ್ನು ಕಾಫಿಗೆ ಕರೆದಳು. ಬಹಳ ಒಳ್ಳೆಯ ಹೆಂಗಸು. ಒಂದು ಸುಂದರವಾದ ಡಬ್ಬಿ ತೆರೆದಳು. ಅದರೊಳಗೆ ಬಿಸ್ಕೀಟುಗಳು ಸಾಲಾಗಿ ಮಲಗಿದ್ದವು. ನಾನು ಒಂದು ತೆಗೆದುಕೊಂಡ ಕೂಡಲೇ ಡಬ್ಬಿಯ ಮುಚ್ಚಳ ಟಪ್ಪೆಂದು ಬಿತ್ತು, ಡಬ್ಬಿ ಕಪಾಟಿಗೆ ಹೋಯಿತು. ನನ್ನ ಕೈ ಇನ್ನೂ ಗಾಳಿಯಲ್ಲಿತ್ತು.

ಮಾತು ಬೆಳೆಯಿತು, ಊಟದ ಹೊತ್ತಾಯಿತು. ಒಲೆಯ ಮೇಲೆ ಬಟಾಣಿಯ ಸೂಪು ಕುದಿಯುತ್ತಿತ್ತು. ನಿಮಗೆ ಸ್ವಲ್ಪ ಹಾಕಲೇ ಎಂದು ಕೇಳಿದಳು. ವಾಸನೆಗೆ ನನ್ನ ಜೀವ ಹೋಗುತ್ತಿತ್ತು. ಬೇಡ, ಬೇಡ, ನಿಮಗ್ಯಾಕೆ ತೊಂದರೆ ಎಂದೆ. ಆಯಿತು ಎಂದಳು. ಒಂದೇ ಬಟ್ಟಲು ತಂದಳು. ನನ್ನ ಎದುರು ಕುಳಿತು, ನನ್ನ ಜೊತೆ ನಗುನಗುತ್ತಾ ಮಾತಾಡುತ್ತಾ, ಚಮಚ ಚಮಚವಾಗಿ ಮುಗಿಸಿದಳು. ನಾನು ಅಷ್ಟು ಹೊತ್ತೂ ಅವಳ ಹೂಕುಂಡಗಳನ್ನು ಹೊಗಳಿದೆ.

ಮೇಲೆ ಬಂದು ಹೇಳಿದರೆ ವೈಶಾಲಿ ಪ್ಲಾಸ್ಟರ್ ಕಾಲು ಅಲುಗುವ ಹಾಗೆ ನಕ್ಕಳು. “ಬ್ಯಾಡಂತ ನೀನ ಅಂದಿ. ಆಕಿ ನಿನ್ನ ಮಾತಿಗೆ ಬೆಲೆ ಕೊಟ್ಟಾಳ.”

“ಮಾತಿಗೆ ಬೆಲೆ ಕೊಟ್ಳು, ಹೊಟ್ಟಿಗೆ ಯಾರು ಕೊಡಬೇಕು?” ಎಂದು ರೊಟ್ಟಿ ಬಡಿಯಲು ಕುಳಿತೆ.

ಎದುರು ಬಾಗಿಲು

ಆ ರೊಟ್ಟಿಯ ಸಪ್ಪಳಕ್ಕೇ ಎದುರು ಮನೆಯ ಬಾಗಿಲು ತೆರೆದದ್ದು. ತಲೆಗೆ ಹಳದಿ ಬಟ್ಟೆ ಸುತ್ತಿಕೊಂಡ, ತೆಳ್ಳಗೆ ಎತ್ತರದ, ಇಪ್ಪತ್ತರ ಆಸುಪಾಸಿನ ಹುಡುಗಿ. ಸಪ್ಪಳಕ್ಕೆ ಜಗಳ ತೆಗೆಯಲು ಬಂದಳೇನೋ ಎಂದುಕೊಂಡೆ. ಅವಳು ಹೊಸ್ತಿಲ ಮೇಲೆ ನಿಂತು ಮೂಗು ಅರಳಿಸಿ ಉಸಿರೆಳೆದಳು. ಅದೇನು ಹಿಟ್ಟು ಎಂದು ಕೇಳಿದಳು.

ಅವಳ ಹೆಸರು ತಸ್ನೀಮ್. ಸೂಡಾನಿನವಳು. ಯುದ್ಧ ಶುರುವಾದ ಮೇಲೆ ತಾಯಿ ಮತ್ತು ತಂಗಿಯ ಜೊತೆ ಕೈರೋ ಸೇರಿ, ಅಲ್ಲಿಂದ ಒಬ್ಬಳೇ ಇಲ್ಲಿಗೆ ಬಂದು ಆಶ್ರಯ ಪಡೆದವಳು. ನಮ್ಮಿಬ್ಬರ ಇಂಗ್ಲಿಷೂ ಕುಂಟುತ್ತಿತ್ತು, ಆದರೆ ಎರಡು ಕುಂಟುಗಳೂ ಒಂದೇ ಹೆಜ್ಜೆ ಹಾಕುತ್ತಿದ್ದವು. ಅವಳು ನನ್ನನ್ನು ಖಾಲಾ, ಅಂದರೆ ಚಿಗವ್ವ, ಎಂದಳು. ಬಾಗೇವಾಡಿಯ ನನ್ನ ಓಣಿಯಲ್ಲಿ ಅರ್ಧ ಹುಡುಗರು ನನ್ನನ್ನು ಹಾಗೆಯೇ ಕರೆಯುತ್ತಾರೆ. ಅಂದಿನಿಂದ ಅವಳ ಮಾತು ನನ್ನ ಕಿವಿಗೆ ನಮ್ಮ ಕಡೆಯ ಮಾತಾಗಿಯೇ ಬಿತ್ತು. ಹಾಗೆಯೇ ಬರೆಯುತ್ತೇನೆ, ಯಾರೂ ತಕರಾರು ತೆಗೆಯಬಾರದು.

“ಬಾ, ಉಣ್ಣು” ಎಂದೆ.

“ಬ್ಯಾಡ ಖಾಲಾ, ಈಗಷ್ಟ ಉಂಡೇನಿ.”

ನನಗೆ ರೋಮಾಂಚನವಾಯಿತು. “ಅದೆಂಗ ಉಂಡಿ? ನಿನ್ನ ಮಾರಿ ನೋಡಿದ್ರ ನಿನ್ನಿಯಿಂದ ಉಂಡಿಲ್ಲ.”

“ಖರೇನ ಬ್ಯಾಡ. ನಿಮಗ ಸಾಲೂದಿಲ್ಲ.”

“ಸಾಲದಿದ್ರ ಮತ್ತ ಬಡೀತೇನಿ. ಕೂಡು.”

ಕುಳಿತಳು. ತಟ್ಟೆಗೆ ಕೈ ಅಡ್ಡ ಹಿಡಿದಳು. ನಾನು ಕೈ ಕೆಳಗಿನಿಂದ ರೊಟ್ಟಿ ತೂರಿಸಿದೆ. ಎಂಥ ಸುಖ! ಕಲಿತ ವಿದ್ಯೆ ಸಮುದ್ರದ ತಳದಲ್ಲಿ ಕೊನೆಗೂ ಉಪಯೋಗಕ್ಕೆ ಬಂತು. ಅವಳು ಒಂದು ತುತ್ತು ಮುರಿದು ಬಾಯಲ್ಲಿಟ್ಟು, ಇದು ನಮ್ಮದೇ ಜೋಳ ಎಂದಳು. ಅವರೂ ಜೋಳ ಉಣ್ಣುವ ಜನ. ಹಿಟ್ಟನ್ನು ಹುಳಿ ಬರಿಸಿ, ಹಂಚಿನ ಮೇಲೆ ಕಾಗದದಷ್ಟು ತೆಳ್ಳಗೆ ಎಳೆದು ಕಿಸ್ರಾ ಮಾಡುತ್ತಾರಂತೆ. ನೈಲ್ ನದಿಯ ಎರಡು ಕವಲುಗಳ ನಡುವಿನ ಬಯಲು ಅವಳ ಊರು. ಮಣ್ಣು ಯಾವುದು ಎಂದು ಕೇಳಿದೆ. ಭೂಗೋಳದವಳಿಗೆ ಬೇರೆ ಮಾತು ಬರುವುದಿಲ್ಲ.

“ಕರೀ ಮಣ್ಣು. ಬ್ಯಾಸಿಗ್ಯಾಗ ಕಾಲು ಸಿಗಬೀಳೂವಷ್ಟು ಬಿರಕ ಬಿಡತೈತಿ. ಮಳಿ ಆದ್ರ ಚಪ್ಪಲಿ ಕಿತಗೊಂತೈತಿ.”

ಅದು ನಮ್ಮ ಎರೆ ಭೂಮಿ. ಸಿಂದಗಿ ಹತ್ತಿರದ ಮೋರಟಗಿಯ ಹೊಲದಲ್ಲಿ ನಾನೇ ಚಪ್ಪಲಿ ಕಳೆದುಕೊಂಡಿದ್ದೇನೆ. ಇಬ್ಬರೂ ಕಣ್ಣೊರೆಸಿಕೊಂಡೆವು. ವೈಶಾಲಿ ಮಾತ್ರ, ಇಬ್ಬರೂ ಸೇರಿ ಮಣ್ಣಿಗೆ ಯಾಕೆ ಅಳುತ್ತಿದ್ದೀರಿ ಎಂದು ಗೊಣಗಿದಳು. ಅವಳಿಗೆ ಉಳ್ಳಾಗಡ್ಡಿಗೆ ಮಾತ್ರ ಅಳು ಬರುತ್ತದೆ.

ನೀರು ದಬ್ಬುವ ಮನೆ

ಊರು ನೋಡಬೇಕು ಎಂದರೆ ತಸ್ನೀಮ್ ನನ್ನನ್ನು ಚರ್ಚಿಗೂ ಕರೆದೊಯ್ಯಲಿಲ್ಲ, ಅಂಗಡಿಗೂ ಕರೆದೊಯ್ಯಲಿಲ್ಲ. ಒಡ್ಡಿನ ಮೇಲಿರುವ ಪಂಪಿನ ಮನೆಗೆ ಕರೆದೊಯ್ದಳು. ಗಾಳಿ ನನ್ನ ಇಳಕಲ್ ಸೀರೆಯನ್ನು ಧ್ವಜ ಮಾಡಿತ್ತು. ಒಂದು ಕಡೆ ಕೆಳಗೆ ಊರು, ಇನ್ನೊಂದು ಕಡೆ ಮೇಲೆ ನೀರು. ನಡುವೆ ನಾವು ನಿಂತಿದ್ದೆವು. ಪಾಠ ಮಾಡುವಾಗ ಇದು ಇಷ್ಟು ಹೆದರಿಕೆಯ ವಿಷಯ ಎಂದು ಗೊತ್ತಿದ್ದರೆ ಪರೀಕ್ಷೆಯಲ್ಲಿ ಇನ್ನೆರಡು ಅಂಕ ಹೆಚ್ಚು ಕೊಡುತ್ತಿದ್ದೆ.

ಅವಳಿಗೆ ಹೆದರಿಕೆ ಇರಲಿಲ್ಲ. ಗೇಟು ಹೇಗೆ ಏಳುತ್ತದೆ, ಯಾವ ಕಾಲುವೆ ಎಲ್ಲಿ ಸೇರುತ್ತದೆ ಎಂದು ಕೈಬೀಸಿ ಹೇಳಿದಳು. ಅವಳ ಅಪ್ಪ ಸೂಡಾನಿನಲ್ಲಿ ಕಾಲುವೆ ಇಲಾಖೆಯಲ್ಲಿದ್ದವರು. ಯುದ್ಧದ ಮೊದಲ ಚಳಿಗಾಲದಲ್ಲಿ ಔಷಧಿ ಸಿಗದೆ ತೀರಿಹೋದರು. ಅವಳು ನೀರಾವರಿ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾಗ ಕಾಲೇಜಿನ ಮೇಲೆ ಬಾಂಬು ಬಿತ್ತು.

“ಗೇಟು ಮುರದಾವ ಅಂತ, ಖಾಲಾ. ಕಾಲುವ್ಯಾಗ ಹೂಳು ತುಂಬೇತಿ ಅಂತ. ಯುದ್ಧ ಇವತ್ತಿಲ್ಲ ನಾಳಿ ಮುಗೀತೈತಿ. ಆಮ್ಯಾಲ ಯಾರರ ಹೋಗಿ ಎಲ್ಲಾ ಮತ್ತ ಕಟ್ಟಬೇಕಲ್ಲ? ಅದಕ್ಕ ಕಲೀಬೇಕು.”

ಇಷ್ಟು ದಿನದಲ್ಲಿ ಅವಳು ಇವರ ಭಾಷೆ ಕಲಿತು ಪರೀಕ್ಷೆ ಪಾಸಾಗಿದ್ದಳು. ಇನ್ನು ಉಳಿದದ್ದು ಒಂದು ವರ್ಷದ ಪೂರ್ವತಯಾರಿ ತರಗತಿ. ಅದು ಮುಗಿದರೆ ಇಂಜಿನಿಯರಿಂಗ್ ಕಾಲೇಜು. ಈ ಸಲ ಆ ತರಗತಿಗೆ ಸೀಟು ಸಿಗದಿದ್ದರೆ ನಿಯಮದ ಪ್ರಕಾರ ಪೂರ್ತಿ ಹೊತ್ತಿನ ಕೆಲಸಕ್ಕೆ ಸೇರಬೇಕು. ಒಂದು ದೊಡ್ಡ ಗೋದಾಮಿನಲ್ಲಿ ಪೊಟ್ಟಣ ಬೇರ್ಪಡಿಸುವ ಕೆಲಸ ಕಾಯುತ್ತಿತ್ತು. ಒಮ್ಮೆ ಆ ಗೋದಾಮು ಹೊಕ್ಕ ಅವಳ ಪೈಕಿಯವರು ಯಾರೂ ಮತ್ತೆ ಪುಸ್ತಕ ಮುಟ್ಟಿಲ್ಲವಂತೆ.

ಇದನ್ನೆಲ್ಲ ಹೇಳುತ್ತಾ ಅವಳು ಮಾತಿಗೊಮ್ಮೆ ಫೋನು ತೆಗೆದು ನೋಡುತ್ತಿದ್ದಳು. ಯಾರ ಫೋನು ಬರಬೇಕು ಎಂದು ಕೇಳಿದೆ. ಕಾಲೇಜಿನವರದು ಎಂದಳು. ಹುಡುಗನೇನಾದರೂ ಇರಬಹುದು ಎಂದುಕೊಂಡಿದ್ದ ನನಗೆ ಸ್ವಲ್ಪ ನಿರಾಶೆಯಾಯಿತು.

ಮೊದಲನೆಯ ‘ಬೇಡ’

ವಿಷಯ ಹೊರಬಿದ್ದದ್ದು ಆ ಸಂಜೆ, ಚಹಾ ಕುಡಿಯುವಾಗ. ಪೂರ್ವತಯಾರಿ ತರಗತಿಯಲ್ಲಿದ್ದ ಒಬ್ಬರು ಬೇರೆ ಊರಿಗೆ ಹೋಗಿ ಒಂದು ಸೀಟು ಖಾಲಿಯಾಗಿತ್ತು. ಆ ತರಗತಿಯ ಉಸ್ತುವಾರಿ ನೋಡುವ ಮರೈಕೆ ಎಂಬಾಕೆ ತಸ್ನೀಮಳನ್ನು ಕರೆಸಿ, ಸೀಟು ಇದೆ, ನಿನಗೆ ಬೇಕೇ ಎಂದು ಕೇಳಿದ್ದಳು.

“ಮತ್ತ ನೀ ಏನಂದಿ?” ಎಂದೆ.

“ಬ್ಯಾಡ್ರಿ, ನನಗಿಂತ ತ್ರಾಸಿನ್ಯಾಗ ಇದ್ದವರಿಗೆ ಕೊಡ್ರಿ ಅಂದೆ.”

“ಆಕಿ?”

“ಆತು, ನಿನ್ನ ನಿರ್ಧಾರ ತಿಳೀತು ಅಂದ್ಳು. ಎದ್ದು ಕೈ ಕುಲುಕಿದ್ಳು. ಅವತ್ತಿನಿಂದ ಕಾಯಾಕತ್ತೇನಿ. ಎರಡನೇ ಸಲ ಕೇಳವಲ್ರು.”

ವೈಶಾಲಿಯ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು. “ಅಯ್ಯ ಹುಚ್ಚಿ! ಈ ಊರಾಗ ಇಷ್ಟು ದಿವ್ಸ ಇದ್ದೂ ಗೊತ್ತಾಗಿಲ್ಲೇನು? ಇಲ್ಲಿ ಎರಡನೇ ಸಲ ಅಂಬೂದ ಇಲ್ಲ.”

“ಗೊತ್ತೈತಿ” ಎಂದಳು ತಸ್ನೀಮ್. ಅವಳ ಕಣ್ಣು ತುಂಬಿತ್ತು. “ಕಾಫಿಗೆ ಒಮ್ಮಿಗೆ ಹೌದು ಅನ್ನೂದು ಕಲ್ತೇನಿ. ಬಿಸ್ಕೀಟಿಗೂ ಕಲ್ತೇನಿ. ಆದ್ರ ಇದು ಬಿಸ್ಕೀಟಲ್ಲಕ್ಕಾ. ಇಷ್ಟ ದೊಡ್ಡದು ಕೊಡಾಕ ಬಂದಾಗ ಕೈಚಾಚಿ ಕಸಗೊಂಡ್ರ, ಇಕಿ ಎಂಥಾ ಮನಿಯಿಂದ ಬಂದಾಳ ಅನ್ನೂದಿಲ್ಲೇನು? ನಮ್ಮಪ್ಪನ ಹೆಸರು ಏನಾಗ್ಬೇಕು?”

ಸತ್ತುಹೋದ ಅಪ್ಪನ ಮರ್ಯಾದೆಯನ್ನು ಪರದೇಶದಲ್ಲಿ ಒಬ್ಬಳೇ ಹೊತ್ತುಕೊಂಡು ನಿಂತಿದ್ದ ಆ ಹುಡುಗಿಯನ್ನು ನೋಡಿ ನನಗೆ ಬಹಳ ಸಂಕಟವಾಯಿತು. ಸಿಟ್ಟೂ ಬಂತು. ಬಟಾಣಿ ಸೂಪು ಹೋದರೆ ಹೋಗಲಿ, ಇಲ್ಲಿ ಒಂದು ಬದುಕೇ ಕಪಾಟಿಗೆ ಹೋಗುವುದರಲ್ಲಿತ್ತು.

“ನಾಳಿಗೆ ಹೋಗೂಣು. ನಾ ಬರ್ತೇನಿ” ಎಂದೆ.

“ಬ್ಯಾಡ ಖಾಲಾ, ನಿಮಗ್ಯಾಕ ತ್ರಾಸ.”

“ತ್ರಾಸ ಏನೈತಿ? ಹೋಗೂಣು.”

“ಛೇ, ಬ್ಯಾಡ. ಚಳಿ ಭಾಳ ಐತಿ.”

“ಹೋಗೂಣಂದ್ರ ಹೋಗೂಣು.”

“ಆತು” ಎಂದಳು. ವೈಶಾಲಿ ಹಣೆ ಹಣೆ ಚಚ್ಚಿಕೊಂಡಳು. “ಚಿಗವ್ವ, ಅಲ್ಲಿ ಹೋಗಿ ಜಗಳಾ ತಗೀಬ್ಯಾಡ. ಬ್ಯಾಡಂದದ್ದು ಇಕಿ. ಅವರದೇನ ತಪ್ಪಿಲ್ಲ.”

“ತಪ್ಪು ಇಲ್ಲದವರ ಜೋಡಿ ಜಗಳಾ ಮಾಡೂದು ಭಾಳ ಕಠಿಣ. ಆದ್ರ ನಾ ಸರ್ಕಾರಿ ಸಾಲ್ಯಾಗ ಇದ್ದಾಕಿ” ಎಂದೆ.

ಪಕ್ಕದ ಊರಿನ ಕಾಲೇಜು

ವೈಶಾಲಿ ಬೈಯುತ್ತಲೇ ಫೋನು ಮಾಡಿ ಭೇಟಿಗೆ ಸಮಯ ಗೊತ್ತುಮಾಡಿಕೊಟ್ಟಳು. ಗೊತ್ತಾದ ಸಮಯಕ್ಕೆ ಗೊತ್ತಾದ ರೈಲು ಬಂತು. ಇದು ಈ ದೇಶದ ದೊಡ್ಡ ಕೊರತೆ. ರೈಲು ತಡವಾಗದಿದ್ದರೆ ಮನುಷ್ಯ ಧೈರ್ಯ ತಂದುಕೊಳ್ಳುವುದು ಯಾವಾಗ? ಇಂಡಿ ಸ್ಟೇಷನ್ನಿನಲ್ಲಾದರೆ ಅಷ್ಟರಲ್ಲಿ ನಾನು ಇಡೀ ಭಾಷಣವನ್ನು ಬಾಯಿಪಾಠ ಮಾಡುತ್ತಿದ್ದೆ.

ಮರೈಕೆ ನಲವತ್ತರ ಹೆಂಗಸು. ಕತ್ತರಿಸಿದ ಕೂದಲು, ನೇರವಾದ ನೋಟ. ಅವಳ ಮಾತು ಪಠ್ಯಪುಸ್ತಕದ ಹಾಗೆ ಇಸ್ತ್ರಿ ಮಾಡಿದ್ದು. ನನಗೆ ಕಾಫಿ ಬೇಕೇ ಎಂದು ಫ್ಲಾಸ್ಕ್ ಎತ್ತಿದಳು. ಬೇಡ ಎಂದೆ. ಫ್ಲಾಸ್ಕ್ ಕೆಳಗಿಟ್ಟಳು.

“ನೋಡಿ, ನನಗೆ ಕಾಫಿ ಬೇಕಿತ್ತು” ಎಂದೆ.

ಅವಳು ಗೊಂದಲಕ್ಕೆ ಬಿದ್ದಳು. “ಮತ್ತೆ ಬೇಡ ಎಂದಿರಿ?”

“ನೀವು ಇನ್ನೊಮ್ಮೆ ಕೇಳುತ್ತೀರಿ ಎಂದು.”

“ಕೇಳದಿದ್ದರೆ?”

“ಹಸಿದು ಸಾಯುತ್ತೇವೆ. ಆದರೆ ಮರ್ಯಾದೆಯಿಂದ ಸಾಯುತ್ತೇವೆ.”

ನಗಬೇಕೋ ಬೇಡವೋ ಎಂದು ಅವಳಿಗೆ ತಿಳಿಯಲಿಲ್ಲ. ನಾನು ಎದ್ದು ನಿಂತು ಪಾಠ ಮಾಡಿದೆ. ಕುಳಿತು ಪಾಠ ಮಾಡಿ ನನಗೆ ರೂಢಿಯಿಲ್ಲ. ನಮ್ಮ ಕಡೆಯ ಉಪಚಾರ, ಎಲೆಗೆ ಅಡ್ಡ ಹಿಡಿದ ಕೈ, ತುಪ್ಪ, ಮುದ್ದೇಬಿಹಾಳದ ಮುಖ್ಯಾಧ್ಯಾಪಕಿ, ಎಲ್ಲವನ್ನೂ ಹೇಳಿದೆ. ಈ ಹುಡುಗಿ ಹೇಳಿದ್ದು ಮೊದಲನೆಯ ಬೇಡ, ಅವಳ ಹೌದು ಇನ್ನೂ ಅವಳ ಹೊಟ್ಟೆಯೊಳಗೇ ಇದೆ ಎಂದೆ. ತಸ್ನೀಮ್ ನೆಲ ನೋಡುತ್ತಾ ಕುಳಿತಿದ್ದಳು.

ಮರೈಕೆ ಪೂರ್ತಿ ಕೇಳಿದಳು. ಆಮೇಲೆ ಮೆಲ್ಲಗೆ, “ನಾನು ಅವರನ್ನು ಕೇಳಿದೆ. ಅವರು ಬೇಡ ಎಂದರು. ಎರಡನೆಯ ಸಲ ಕೇಳಿದರೆ, ನಿನ್ನ ಮೊದಲ ಉತ್ತರವನ್ನು ನಾನು ನಂಬಲಿಲ್ಲ ಎಂದು ಹೇಳಿದ ಹಾಗೆ. ನಮ್ಮಲ್ಲಿ ಅದು ಅವಮಾನ. ಹುಡುಗಿಯರ ‘ಬೇಡ’ವನ್ನು ಜನ ನಂಬಬೇಕು ಎಂದು ನಮ್ಮ ತಾಯಂದಿರು ಬಹಳ ಹೋರಾಡಿದ್ದಾರೆ” ಎಂದಳು.

ನಿಂತಿದ್ದ ನಾನು ಕುರ್ಚಿಗೆ ಕುಳಿತೆ. ಬೇಡ ಎಂದ ಹುಡುಗಿಯರನ್ನು ಮೂರು ಸಲ ಕೇಳಿ, ನಾಲ್ಕನೆಯ ಸಲ ಕೇಳದೆಯೇ ಹಸೆಮಣೆಗೆ ಕೂರಿಸಿದ್ದನ್ನು ನಾಲ್ಕೂ ತಾಲೂಕಿನಲ್ಲಿ ಕಂಡವಳು ನಾನು. ಹತ್ತನೆಯ ತರಗತಿ ಮುಗಿಸದೆ ಹಾಗೆ ಹೋದ ನನ್ನ ವಿದ್ಯಾರ್ಥಿನಿಯರ ಮುಖಗಳು ಕಣ್ಣ ಮುಂದೆ ಬಂದವು. ಈ ಹೆಂಗಸಿನ ಮಾತಿನಲ್ಲಿ ನ್ಯಾಯವಿತ್ತು, ನನಗೆ ಅದು ಸ್ವಲ್ಪವೂ ಇಷ್ಟವಾಗಲಿಲ್ಲ.

“ಆ ಸೀಟು ಬೇರೆಯವರಿಗೆ ಹೋಗಿದೆ” ಎಂದಳು ಮರೈಕೆ. “ಅದನ್ನು ಹಿಂದಕ್ಕೆ ಪಡೆಯಲು ಆಗುವುದಿಲ್ಲ.”

ತಸ್ನೀಮಳ ಬೆರಳುಗಳು ಕುರ್ಚಿಯ ಅಂಚನ್ನು ಹಿಡಿದವು. ಮರೈಕೆ ಕಂಪ್ಯೂಟರಿನಲ್ಲಿ ಬಹಳ ಹೊತ್ತು ಏನೋ ಹುಡುಕಿದಳು, ಯಾರಿಗೋ ಫೋನು ಮಾಡಿದಳು. ಆಮೇಲೆ ನನ್ನನ್ನು ಬಿಟ್ಟು ಅವಳ ಕಡೆ ತಿರುಗಿದಳು. ಇದೇ ತರಗತಿ ಇನ್ನೊಂದು ಊರಿನಲ್ಲಿದೆ, ಅಲ್ಲಿ ಒಂದು ಜಾಗ ಉಳಿದಿದೆ. ದೂರ. ಎರಡು ರೈಲು ಬದಲಿಸಬೇಕು, ಬೆಳಕು ಹರಿಯುವ ಮುಂಚೆ ಮನೆ ಬಿಡಬೇಕು, ವರ್ಷವಿಡೀ. “ಇದು ನಿನಗೆ ಬೇಕೇ?”

ತಸ್ನೀಮ್ ತಲೆಯೆತ್ತಿದಳು. ಅವಳ ತುಟಿ ಯಾವ ಅಕ್ಷರಕ್ಕೆ ಸಿದ್ಧವಾಗುತ್ತಿದೆ ಎಂದು ನನಗೆ ಕಾಣಿಸುತ್ತಿತ್ತು. ಅವಳ ಕೈ, ತಟ್ಟೆಗೆ ಅಡ್ಡ ಬರುವ ಆ ಹಾಳು ಕೈ, ತೊಡೆಯಿಂದ ಮೇಲೇಳತೊಡಗಿತ್ತು. ಅವಳ ಪರವಾಗಿ ನಾನೇ ಹೌದು ಎಂದುಬಿಡಲೇ ಎಂದು ನಾಲಗೆ ತುದಿಗೆ ಬಂತು. ನಾನು ಹೇಳಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ನಾಲಗೆ ಕಚ್ಚಿಕೊಂಡು ಕುಳಿತೆ. ಇಷ್ಟು ವರ್ಷ ಮಾಸ್ತರಿಕೆ ಮಾಡಿದರೂ ಉತ್ತರ ಗೊತ್ತಿದ್ದು ಸುಮ್ಮನಿರುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ.

ಎದ್ದ ಕೈಯನ್ನು ಅವಳು ಇನ್ನೊಂದು ಕೈಯಿಂದ ಹಿಡಿದು ಕೆಳಗಿಟ್ಟಳು.

“ಹೌದು” ಎಂದಳು. ದನಿ ಹೊರಡಲಿಲ್ಲ. ಮತ್ತೆ ಹೇಳಿದಳು. “ಹೌದು. ಬೇಕು. ನನಗೆ ಬೇಕು.”

ಹೇಳಿದ್ದೇ ತಡ, ಏನೋ ಕದ್ದು ಸಿಕ್ಕಿಬಿದ್ದವಳ ಹಾಗೆ ಹಳದಿ ಬಟ್ಟೆಯಿಂದ ಮುಖ ಮುಚ್ಚಿಕೊಂಡು ಅತ್ತಳು. ನಾನು ಬೆನ್ನು ಸವರಿದೆ. ನನಗೂ ಅಳು ಬಂತು. ಮರೈಕೆ ಸ್ಪಷ್ಟವಾಯಿತು ಎಂದಳು, ನಮ್ಮ ಅಳು ನಿಲ್ಲುವವರೆಗೆ ಕಾಯ್ದಳು, ಆಮೇಲೆ ಏನೋ ನೆನಪಾದವಳ ಹಾಗೆ ಫ್ಲಾಸ್ಕ್ ಎತ್ತಿ ನನ್ನತ್ತ ನೋಡಿದಳು.

“ನಿಮಗೆ ಕಾಫಿ... ಖಂಡಿತ ಬೇಡವೇ?”

ಎರಡನೆಯ ಸಲ! ನನ್ನ ಪಾಠ ಫಲಿಸಿತ್ತು. ಆ ಸಂತೋಷದಲ್ಲಿ, ಅಭ್ಯಾಸಬಲದಿಂದ, “ಬೇಡ ಬೇಡ, ಪರವಾ ಇಲ್ಲ” ಎಂದೆ. ಅವಳು ಫ್ಲಾಸ್ಕ್ ಒಳಗಿಟ್ಟುಬಿಟ್ಟಳು. ಮೂರನೆಯ ಸಲಕ್ಕೆ ಮುಟ್ಟುವಷ್ಟು ಸುಧಾರಣೆ ಒಂದೇ ದಿನದಲ್ಲಿ ಆಗುವುದಿಲ್ಲ.

ಮತ್ತೆ ಆ್ಯಮ್‌ಸ್ಟರ್‌ಡ್ಯಾಮ್

ವೈಶಾಲಿಯ ಪ್ಲಾಸ್ಟರ್ ಬಿಚ್ಚಿದರು. ನಾನು ಹೊರಟು ನಿಂತೆ. ಅಷ್ಟರಲ್ಲಿ ತಸ್ನೀಮಳ ತರಗತಿ ಶುರುವಾಗಿತ್ತು. ಕತ್ತಲಿರುವಾಗಲೇ ಎದುರು ಬಾಗಿಲು ಸದ್ದಾಗುತ್ತಿತ್ತು. ನಾನು ಎದ್ದು ರೊಟ್ಟಿ ಕಟ್ಟಿಕೊಡುತ್ತಿದ್ದೆ. ಮೊದಲ ದಿನ ಬೇಡ ಎಂದಳು. ಆಮೇಲಾಮೇಲೆ ಕೈಚಾಚಿ ತೆಗೆದುಕೊಳ್ಳತೊಡಗಿದಳು. ಒಂದು ದಿನ ಹಿಂಡಿ ಇನ್ನಷ್ಟು ಹಾಕಿ ಎಂದು ತಾನೇ ಕೇಳಿದಳು. ನನಗೆ ಖುಷಿಯಾಯಿತು, ಮತ್ತು ಏನೋ ಕಳೆದ ಹಾಗೂ ಆಯಿತು. ಒತ್ತಾಯ ಮಾಡಲು ಮನೆಯಲ್ಲಿ ಇನ್ನು ಯಾರೂ ಉಳಿದಿರಲಿಲ್ಲ.

ವಿಮಾನ ನಿಲ್ದಾಣಕ್ಕೆ ವೈಶಾಲಿ ಊರುಗೋಲು ಹಿಡಿದು ಬಂದಳು. ತಸ್ನೀಮ್ ತರಗತಿಗೆ ಹೋಗುವ ದಾರಿಯಲ್ಲಿ, ವಿಮಾನ ನಿಲ್ದಾಣದ ಅಡಿಯಲ್ಲೇ ನಿಲ್ಲುವ ರೈಲಿನಿಂದ ಇಳಿದು ಓಡಿ ಬಂದಳು. ಕೈಯಲ್ಲಿ ಒಂದು ಡಬ್ಬಿ. ನಾನು ಮೊದಲೇ ಕೊಟ್ಟಿದ್ದ ಉಳಿದ ಜೋಳದ ಹಿಟ್ಟನ್ನು ಮನೆ ಬೆಚ್ಚಗಿಡುವ ಬಿಸಿನೀರಿನ ಕೊಳವೆಯ ಮೇಲಿಟ್ಟು ಹುಳಿ ಬರಿಸಿ ಕಿಸ್ರಾ ಮಾಡಿದ್ದಳು. ಮುಚ್ಚಳ ತೆರೆದು ತೋರಿಸಿದಳು. ಕಾಗದದಷ್ಟು ತೆಳ್ಳಗೆ, ಮಡಿಕೆ ಮಡಿಕೆಯಾಗಿ ಇಟ್ಟಿದ್ದಳು. ಬಾಗೇವಾಡಿಯ ಹಿಟ್ಟಿಗೆ ಹೀಗೂ ಒಂದು ರೂಪವಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಆ ಹುಳಿ ವಾಸನೆಗೆ ಬಾಯಲ್ಲಿ ನೀರು ಬಂತು.

“ಖಾಲಾ, ಇದು ನಿಮಗ. ವಿಮಾನದಾಗ ತಿನ್ರಿ.”

“ಬ್ಯಾಡವ್ವ” ಎಂದೆ. “ನಿನಗ ಇರಲಿ.”

“ಆತು” ಎಂದಳು.

ಮುಚ್ಚಳ ಹಾಕಿದಳು. ಡಬ್ಬಿಯನ್ನು ತನ್ನ ಚೀಲಕ್ಕಿಟ್ಟು ಜಿಪ್ ಎಳೆದಳು. “ಚಲೋ ಆತು, ಮಧ್ಯಾಹ್ನ ನನಗಾಕ್ಕತಿ” ಎಂದು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಅವಳ ಭುಜದ ಹಿಂದೆ ವೈಶಾಲಿ ಬಾಯಿಗೆ ಸೆರಗಿಲ್ಲದ್ದಕ್ಕೆ ಊರುಗೋಲು ಅಡ್ಡ ಹಿಡಿದು ನಗುತ್ತಿದ್ದಳು.

ತಪಾಸಣೆಯ ಸಾಲಿನಲ್ಲಿ ನಿಂತು ತಿರುಗಿ ನೋಡಿದೆ. ಬೇಡ ಎಂದದ್ದು ಬಾಯಿ, ಹೊಟ್ಟೆಯಲ್ಲ. ಎರಡನೆಯ ಸಲ ಕೇಳಲು ಓಡಿ ಬರುತ್ತಾಳೇನೋ ಎಂಬ ಆಸೆ ಇನ್ನೂ ಇತ್ತು. ತಸ್ನೀಮ್ ನನ್ನ ಕಡೆ ನೋಡುತ್ತಿರಲಿಲ್ಲ. ಚೀಲ ಹೆಗಲಿಗೇರಿಸಿ, ಕತ್ತು ಎತ್ತಿ, ತನ್ನ ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಫಲಕದಲ್ಲಿ ಹುಡುಕುತ್ತಿದ್ದಳು. ಸಿಕ್ಕಿತು. ಓಡಿದಳು. ಈ ದೇಶದಲ್ಲಿ ಇನ್ನು ಅವಳು ಹಸಿದು ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ವಿಮಾನದಲ್ಲೂ ಊಟಕ್ಕೆ ಒಂದೇ ಸಲ ಕೇಳಿದರು. ಬಾಗೇವಾಡಿ ಮುಟ್ಟುವ ತನಕ ಉಪವಾಸ ಬಿದ್ದವಳು ನಾನು.